ಸಾವಿರದಲ್ಲೊಬ್ಬಳು

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಕರೆಯುವುದು ಥರ್ಮಾಮೀಟರ್ ಮೇಡಂ ಎಂದೇ. ನೆಲದಡಿಯ ಸುರಂಗದಲ್ಲಿ ಕಣಗಳನ್ನು ಹುಡುಕುವ ಮನೆಗಾತ್ರದ ಯಂತ್ರವೊಂದಿದೆ; ಅದರ ಬಿಸಿ-ತಂಪು ಕಾಯುವುದು ಅವಳ ಕೆಲಸ. ಆ ಯಂತ್ರಕ್ಕೆ ದುಡಿಯುವವರು ಸಾವಿರ ಜನ. ಯಾರು ಏನು ಬರೆದರೂ ಸಾವಿರ ಹೆಸರೂ ಅಕಾರಾದಿಯಾಗಿ ಅಚ್ಚಾಗಬೇಕು, ಅದು ಅಲ್ಲಿನ ಕಟ್ಟಳೆ. ಹಾಗಾಗಿ ಹತ್ತು ವರ್ಷದಲ್ಲಿ ಅವಳ ಹೆಸರಿಗೆ ಮುನ್ನೂರು ಪ್ರಬಂಧ. ನೌಕರಿ ಮಾತ್ರ ಇವತ್ತಿಗೂ ತಾತ್ಕಾಲಿಕ. ಈ ಸಲ ಕಾಯಂ ಆಗದಿದ್ದರೆ ಗಂಟುಮೂಟೆ ಕಟ್ಟಬೇಕು.

ಸಂದರ್ಶನಕ್ಕೆ ಮೂವರು ಕೂತಿದ್ದರು. ನಡುವಿನ ಹಿರಿಯ ಪ್ರೊಫೆಸರ್ ಜೀವಮಾನವಿಡೀ ಒಬ್ಬರೇ ಕೂತು ಬರೆದವರು, ಅದರ ಜಂಬವೂ ಇದ್ದವರು. ಕ್ಯಾಲ್ಕುಲೇಟರ್ ಮುಂದೆಳೆದುಕೊಂಡರು.

"ಮುನ್ನೂರನ್ನ ಸಾವಿರದಿಂದ ಭಾಗಿಸಿದ್ರೆ ಎಷ್ಟಮ್ಮ ಬರುತ್ತೆ?"

"ಪಾಯಿಂಟ್ ಮೂರು, ಸರ್."

"ಅಂದ್ರೆ ಹತ್ತು ವರ್ಷಕ್ಕೆ ಅರ್ಧ ಪ್ರಬಂಧಾನೂ ಇಲ್ಲ. ಊಟಕ್ಕೆ ಬಂದವರೆಲ್ಲ ಅಡುಗೆ ನಂದೇ ಅಂದ ಹಾಗಾಯ್ತು."

ಪಕ್ಕದವರೊಬ್ಬರು ಕಿಸಕ್ಕನೆ ನಕ್ಕರು. ಅವಳಿಗೆ ಮೈಯೆಲ್ಲ ಉರಿಯಿತು. ಅಲ್ಲ, ಭಾಗಾಕಾರ ಬಂದ ಮಾತ್ರಕ್ಕೆ ಒಬ್ಬರ ದುಡಿಮೆಯನ್ನು ಹೀಗೆ ಚೂರು ಮಾಡಿ ಬಿಸಾಡುವುದೇ?

ಅಷ್ಟರಲ್ಲಿ ಮೂರನೆಯವರು, ಹೊರಗಿನಿಂದ ಬಂದಿದ್ದ ವಿಜ್ಞಾನಿ ಮಹಿಳೆ, ಅವಳ ಪ್ರಬಂಧಗಳ ಪಟ್ಟಿ ತಿರುವುತ್ತ ಕೇಳಿದರು. "ಹೊಸ ಕಣ ಸಿಕ್ತು ಅಂತ ಜಗತ್ತೆಲ್ಲ ಕುಣಿದಾಡಿತಲ್ಲ, ಆ ಪ್ರಬಂಧ ಇಲ್ಲಿ ಕಾಣ್ತಿಲ್ಲ. ಬಿಟ್ಟುಹೋಯ್ತಾ?"

"ಇಲ್ಲ ಮೇಡಂ. ಪತ್ರ ಬರೆದುಕೊಟ್ಟು ಅದರಿಂದ ನನ್ನ ಹೆಸರು ನಾನೇ ತೆಗೆಸಿದೆ."

ಪ್ರೊಫೆಸರ್ ಕತ್ತೆತ್ತಿದರು. "ಪುಕ್ಕಟೆ ಬರೋ ಕೀರ್ತಿ ಬೇಡ ಅಂದ್ರಾ? ಯಾಕೆ?"

"ಯಂತ್ರದ ಒಂದು ಬದಿ ಬಿಸಿಯಾಗಿತ್ತು ಸರ್. ಹಾಗಾದಾಗ ಇಲ್ಲದ ಕಣಾನೂ ಇದ್ದ ಹಾಗೆ ಕಾಣುತ್ತೆ. ಮತ್ತೆ ಅಳೆಯೋಣ ಅಂತ ಸಭೇಲಿ ಹೇಳಿದೆ, ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಗೊತ್ತಿದ್ದೂ ಒಪ್ಪಿಕೊಳ್ಳೋಕೆ ಮನಸ್ಸು ಬರಲಿಲ್ಲ."

ಆ ಪ್ರಬಂಧ ಮರುವರ್ಷ ಅದೇ ಕಾರಣಕ್ಕೆ ವಾಪಸಾಗಿ, ದೊಡ್ಡ ದೊಡ್ಡವರೆಲ್ಲ ಮುಖ ಮುಚ್ಚಿಕೊಂಡು ಓಡಾಡಿದ್ದು ಮೂವರಿಗೂ ಗೊತ್ತಿತ್ತು. ಬೇಡ ಎಂದವರೊಬ್ಬರಿದ್ದರು ಎಂಬುದು ಮಾತ್ರ ಗೊತ್ತಿರಲಿಲ್ಲ.

ಪ್ರೊಫೆಸರ್ ಕನ್ನಡಕ ತೆಗೆದು ಒರೆಸಿದರು. ಮಾತಾಡುವಾಗ ದನಿಯಲ್ಲಿ ಜಂಬವಿರಲಿಲ್ಲ.

"ಸಾವಿರ ಜನ ಹೂಂ ಅಂದಾಗ ನೀವೊಬ್ಬರೇ ಉಹೂಂ ಅಂದಿದ್ದೀರಿ. ಅದನ್ನ ಯಾರ ಜೊತೆಗೂ ಹಂಚೋಕಾಗಲ್ಲಮ್ಮ, ಅದು ಪೂರ್ತಿ ನಿಮ್ಮದೇ." ಎಡಬಲ ನೋಡಿದರು. "ಇವರನ್ನ ಕಾಯಂ ಮಾಡೋಣ. ಯಾರದಾದ್ರೂ ತಕರಾರಿದೆಯಾ?"

ನಕ್ಕವರೇ ಎಲ್ಲರಿಗಿಂತ ಮೊದಲು ಇಲ್ಲವೆಂದು ತಲೆಯಲ್ಲಾಡಿಸಿದರು.

ಅವಳ ಜೊತೆ ಬಂದು ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಕ್ಕ, ತಂಗಿಯ ಮುಖ ನೋಡಿ ಎದ್ದೇಬಿಟ್ಟಳು.

"ಏನಾಯ್ತೇ?"

"ಗೆದ್ದೆ ಅಕ್ಕ," ಎಂದಳು ಅವಳು, ಇಡೀ ಕಾರಿಡಾರಿಗೇ ಕೇಳುವ ಹಾಗೆ.