ಬಿರುಗಾಳಿ ಎಂಬ ಹೆಸರು

ಲಾಯದ ಮೂರನೆಯ ಬಾಗಿಲ ಮೇಲೆ ಹಿತ್ತಾಳೆಯ ಫಲಕ: ಬಿರುಗಾಳಿ. ಆ ಕುದುರೆ ಸತ್ತು ಹನ್ನೆರಡು ವರ್ಷವಾಗಿತ್ತು. ಆದರೂ ಕುದುರೆ ನೋಡಿಕೊಳ್ಳುವ ಮುದಿ ಕಾಸ್ತಾರ ದಿನಾ ಬೆಳಿಗ್ಗೆ ಮೊದಲು ಫಲಕ ಉಜ್ಜಿ, ಆಮೇಲೆಯೇ ಬದುಕಿರುವ ಕುದುರೆಗಳ ಮೈ ತಿಕ್ಕಲು ಹೋಗುತ್ತಿದ್ದ. ಮಗನಿಗೂ ಅದೇ ಹೆಸರಿಟ್ಟಿದ್ದ. ಮಗನ ನಡಿಗೆಯೋ, ಬಸವನಹುಳುವಿಗೂ ಬೇಜಾರು ಬರಬೇಕು.

"ಏನಯ್ಯಾ ಬಿರುಗಾಳಿ, ಇವತ್ತಿನ ಹುಲ್ಲು ಇವತ್ತೇ ಬರುತ್ತೋ, ನಾಳೆ ಬರುತ್ತೋ?" ಎಂದು ಲಾಯದವರು ಕಾಲೆಳೆಯುತ್ತಿದ್ದರು. ಅವನು ನಕ್ಕು ಹುಲ್ಲಿನ ಹೊರೆ ಹೊತ್ತು ನಡೆಯುತ್ತಿದ್ದ. ಓಡಿದ ಪಂದ್ಯವನ್ನೆಲ್ಲ ಗೆದ್ದ ಕುದುರೆಯ ಹೆಸರು. ಅಪ್ಪ ಪ್ರೀತಿಯಿಂದ ಇಟ್ಟದ್ದು ಎಂದೇ ನಂಬಿದ್ದ.

ಯಜಮಾನರು ಆ ಹೆಸರನ್ನೂ ತಾವು ಗೆದ್ದ ಬೆಳ್ಳಿ ಬಟ್ಟಲುಗಳ ಸಾಲಿಗೆ ಸೇರಿಸಿಕೊಂಡಿದ್ದರು. ಅತಿಥಿಗಳು ಬಂದಾಗಲೆಲ್ಲ ಅವನನ್ನು ಕರೆಸಿ, "ನಿಷ್ಠೆ ಅಂದ್ರೆ ಇದು ನೋಡಿ. ಇವನಪ್ಪ ಹೆತ್ತ ಮಗನಿಗೆ ನನ್ನ ಕುದುರೆ ಹೆಸರಿಟ್ಟಿದಾನೆ" ಎನ್ನುತ್ತಿದ್ದರು.

ಈಗ ಅಂಗಳದಲ್ಲಿ ಆ ಕುದುರೆಯ ಕಲ್ಲಿನ ಪ್ರತಿಮೆ ನಿಂತಿತ್ತು. ಅಂದು ಸಂಜೆ ಅದರ ಅನಾವರಣ. "ಸಂಜೆ ಎಲ್ಲರ ಮುಂದೆ ಹೆಸರಿನ ಕಥೆ ನೀನೇ ಹೇಳಪ್ಪಾ. ನಾಳೆಯಿಂದ ಲಾಯದ ಮೇಸ್ತ್ರಿ ನೀನೇ," ಎಂದರು ಯಜಮಾನರು ಮಗನಿಗೆ.

ಮಗ ಹಿಗ್ಗಿಕೊಂಡೇ ಅಪ್ಪನ ಬಳಿ ಬಂದ. "ಅಪ್ಪಾ, ಹೆಸರಿಟ್ಟಾಗ ಏನೇನಾಯ್ತು? ಸರಿಯಾಗಿ ಹೇಳು."

ಮುದುಕ ಫಲಕ ಉಜ್ಜುವುದನ್ನು ನಿಲ್ಲಿಸಲಿಲ್ಲ. "ನಿಮ್ಮಮ್ಮನಿಗೆ ಹೆರಿಗೆ ನೋವು. ರಕ್ತ ನಿಲ್ತಾನೇ ಇರ್ಲಿಲ್ಲ. ಇಲ್ಲಿದ್ದದ್ದು ಒಂದೇ ವ್ಯಾನು. ಅವತ್ತೇ ಈ ಕುದುರೆಗೂ ಹೊಟ್ಟೆಶೂಲೆ. ಯಜಮಾನರ ಕಾಲು ಹಿಡ್ಕೊಂಡೆ. 'ಹೆಂಗಸರು ಹೆರ್ತಾನೇ ಇರ್ತಾರೆ ಬಿಡೋ' ಅಂದ್ರು. ವ್ಯಾನು ಕುದುರೆ ಹತ್ತಿಸ್ಕೊಂಡು ಹೋಯ್ತು. ವಾಪಸ್ ಬರೋ ಹೊತ್ತಿಗೆ ನೀನಿದ್ದೆ, ಅವಳಿರ್ಲಿಲ್ಲ."

"ಮತ್ತೆ ಅದರ ಹೆಸರೇ ಯಾಕಿಟ್ಟೆ ನನಗೆ?"

"ಕುದುರೆನ ಕರೆದಾಗೆಲ್ಲ ಅವರಿಗೆ ಅವಳು ನೆನಪಾಗ್ಲಿ ಅಂತ. 'ಯಾಕೆ ಹೀಗ್ಮಾಡಿದ್ರಿ' ಅಂತ ಬಾಯಿಬಿಟ್ಟು ಕೇಳೋ ಧೈರ್ಯ ನನಗಿರ್ಲಿಲ್ಲ ಕಣೋ. ಹೆಸರಾದ್ರೂ ಕೇಳ್ಲಿ ಅಂದ್ಕೊಂಡೆ." ಮುದುಕ ಬಟ್ಟೆ ಕೊಡವಿದ. "ಅವರಿಗೆ ಚುಚ್ಚಲೇ ಇಲ್ಲ ನೋಡು. ಇಪ್ಪತ್ತೊಂದು ವರ್ಷ ಮುದ್ದು ಮಾಡ್ಕೊಂಡು ಕರೆದ್ರು."

ಸಂಜೆ ಮಗ ಒಂದಕ್ಷರ ಬಿಡದೆ ಎಲ್ಲವನ್ನೂ ಹೇಳಿದ. ಅತಿಥಿಗಳ ಕೈಯಲ್ಲಿದ್ದ ಲೋಟಗಳು ಬಾಯಿಗೆ ಹೋಗಲಿಲ್ಲ. ಯಜಮಾನರು ಗಂಟಲು ಸರಿಮಾಡಿಕೊಂಡರು.

"ಕೇಳಿದ್ರಲ್ಲ? ಹೆಂಡತಿ ಹೋದ್ರೂ ಕುದುರೆ ಉಳೀತಲ್ಲ ಅಂತ ಹೆಸರಿಟ್ಟ. ಇಂಥ ಆಳು ಈಗೆಲ್ಲಿ ಸಿಗ್ತಾರೆ?"

ಚಪ್ಪಾಳೆ ಬಿತ್ತು. ಬಹಳ ಹೊತ್ತು ಬಿತ್ತು. ಯಜಮಾನರು ಲಾಯದ ಬೀಗದಕೈ ಗೊಂಚಲನ್ನು ಅವನ ಅಂಗೈಯಲ್ಲಿಟ್ಟರು. ಅವನು ಅದನ್ನು ಕಲ್ಲಿನ ಗೊರಸಿನ ಬಳಿ ಇಟ್ಟು ಹೊರಟುಬಿಟ್ಟ.

ಲಾಯಕ್ಕೆ ಬಂದು, ಲಾಳ ಕೀಳುವ ಇಕ್ಕಳ ಹಿಡಿದು ಫಲಕದ ಮೊಳೆಗೆ ಹಾಕಿದ. ಎರಡು ಮೊಳೆ ಬಂದವು.

"ಬಿಡೋ ಮಗನೇ," ಎಂದ ಅಪ್ಪ ಹಿಂದಿನಿಂದ. "ನಾಳೆ ಬೆಳಿಗ್ಗೆ ಎದ್ದು ನಾನೇನು ಉಜ್ಜಲಿ?"

ಮಗನ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಉಳಿದೆರಡನ್ನೂ ಕಿತ್ತ.