ಕೊಡದ ಪುಸ್ತಕದ ರೇಟು

ಭುಜಂಗ ಶೆಟ್ಟರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಸಾಬವ್ವ ಪ್ಲಾಸ್ಟಿಕ್ ಚೀಲದೊಳಗಿನ ಪುಸ್ತಕವನ್ನು ಮತ್ತೆ ಅವರ ಎದೆಗೆ ಒತ್ತಿದಳು.

"ಹಿಡೀರಿ ಶೆಟ್ರ. ನೀವು ಹಿಡಿಯೋ ತನಕ ನಾ ಇವರನ್ನ ಎತ್ತಗೊಡೂದಿಲ್ಲ."

"ಈಗ ಬೇಡ ಅಕ್ಕಾ. ಮಣ್ಣು ಮುಗಿಸಿ ಬರುವ. ಮತ್ತೆ ನೋಡುವ."

"ಸತ್ತ ದಿನ ಒಯ್ಯಿರಿ ಅಂದಿದ್ರು. ಮಣ್ಣಾದ ಮ್ಯಾಲ ಅಂದಿಲ್ಲ. ಮಾತು ಅವರ ಕಣ್ಣ ಮುಂದ ಮುಗೀಬೇಕು."

ಅವಳ ಗಂಡ ಅಂಬಾರಾಯನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಚೆಂಡುಹೂವಿನ ಹಾರ, ತಲೆಗೆ ಹೊಸ ರುಮಾಲು. ಬೆಳಗಿನ ಜಾವ ನಿದ್ದೆಯಲ್ಲೇ ಹೋಗಿದ್ದ. ಎಪ್ಪತ್ತು ದಾಟಿದ ಜೀವ, ಯಾರ ಕೈಯಲ್ಲೂ ಒಂದು ಲೋಟ ನೀರು ಕೇಳಿರಲಿಲ್ಲ.

"ಮದಿವ್ಯಾಗೂ ಇಷ್ಟು ಚಂದ ಕಂಡಿರಲಿಕ್ಕಿಲ್ಲ ನೋಡು" ಎಂದಳು ನೆರೆಮನೆಯ ಕಲ್ಲವ್ವ.

"ಮದಿವ್ಯಾಗ ರುಮಾಲ ಕಣ್ಣ ಮ್ಯಾಲೇ ಜಾರಿತ್ತು" ಎಂದಳು ಸಾಬವ್ವ, ಪುಸ್ತಕ ಹಿಡಿದ ಕೈ ಇಳಿಸದೆ.

ಹೊರಗೆ ಹೆಣ ಹೊರುವ ಹೂವಿನ ವಿಮಾನ ಸಿದ್ಧವಾಗಿತ್ತು. ಮಗ ದೇವಾನಂದ ಬಾಗಿಲಿಗೂ ಬೀದಿಗೂ ಓಡಾಡುತ್ತಿದ್ದ. ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಒಮ್ಮೆ ಗಂಟಲು ಸರಿಮಾಡಿಕೊಂಡರು. ಪುಣೆಯ ಧನಕವಡಿಯ ಆ ಸಣ್ಣ ಮನೆಯಲ್ಲಿದ್ದವರೆಲ್ಲ ಶೆಟ್ಟರ ಕೈಯನ್ನೇ ನೋಡುತ್ತಿದ್ದರು.

*

ಭುಜಂಗ ಶೆಟ್ಟರು ಕುಂದಾಪುರದ ಕಡೆಯಿಂದ ಪುಣೆಗೆ ಬಂದಾಗ ಅವರಿಗಿನ್ನೂ ಮೀಸೆ ಮೂಡಿರಲಿಲ್ಲ. ಚಿಕ್ಕಪ್ಪನ ಹೋಟೆಲಿನಲ್ಲಿ ಲೋಟ ತೊಳೆಯುತ್ತ, ಗಿರಾಕಿಗಳು ಬಿಟ್ಟುಹೋದ 'ಬಿಜಲ್ ಸವಾರ' ಎಂಬ ಹಿಂದಿ ಕಾಮಿಕ್ಸ್ ಓದುತ್ತ ಹಿಂದಿ ಕಲಿತರು. ಹದಿನಾರನೆಯ ಸಂಚಿಕೆಯ ಕೊನೆಗೆ ಸವಾರನನ್ನು ಒಣಬಾವಿಗೆ ತಳ್ಳಿ ಮೇಲೆ ಬಂಡೆ ಮುಚ್ಚಿಬಿಡುತ್ತಾರೆ. ಹದಿನೇಳನೆಯದು ಬರುವ ಹೊತ್ತಿಗೆ ಶೆಟ್ಟರಿಗೆ ಕಾಮಾಲೆಯಾಗಿ ಊರಿಗೆ ಕಳಿಸಿದರು. ತಿರುಗಿ ಬಂದರೆ ಹದಿನೆಂಟರಲ್ಲಿ ಸವಾರ ಆರಾಮಾಗಿ ಕುದುರೆಯ ಮೇಲಿದ್ದ. ಬಾವಿಯಿಂದ ಹೇಗೆ ಬಂದ ಎಂದು ಹೇಳುವವರು ಯಾರೂ ಇರಲಿಲ್ಲ.

ಸ್ವಂತ ಹೋಟೆಲು, ಹೆಂಡತಿ, ಮಕ್ಕಳು ಎಲ್ಲ ಆಗಿ ತಲೆ ನರೆಯತೊಡಗಿದ ಮೇಲೆ ಒಂದು ರವಿವಾರ ಅವರು ಅಂಬಾರಾಯನ ರದ್ದಿ ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿದರು. ಕಲಬುರಗಿ ಕಡೆಯಿಂದ ಇಟ್ಟಿಗೆ ಹೊರಲು ಬಂದಿದ್ದ ಅಂಬಾರಾಯ, ಸೊಂಟ ಸೋತ ಮೇಲೆ ಹಳೆಯ ಪೇಪರು ಕೊಳ್ಳುವ ಆ ಅಂಗಡಿ ಇಟ್ಟಿದ್ದ. ಅವನ ತಲೆಯ ಮೇಲಿನ ಹಗ್ಗದಲ್ಲಿ ಹದಿನೇಳನೆಯ ಸಂಚಿಕೆ ತೂಗುತ್ತಿತ್ತು.

"ಇದಕ್ಕೆ ಎಷ್ಟು?"

ಕೇಳುವ ಮೊದಲೇ ಶೆಟ್ಟರು ಕೈ ಚಾಚಿದ್ದರು. ಅಂಬಾರಾಯ ಪುಸ್ತಕ ಇಳಿಸಿ ತೊಡೆಯ ಕೆಳಗೆ ಇಟ್ಟುಕೊಂಡ.

"ಇದರಾಗ ಅಂಥಾದ್ದೇನದ ರೀ?"

ಶೆಟ್ಟರು ಬಾವಿಯ ವಿಷಯ ಹೇಳಿದರು. ಅಂಬಾರಾಯನಿಗೆ ಹಿಂದಿ ಓದಲು ಬರುತ್ತಿರಲಿಲ್ಲ. ಅವರಿಗೆ ಕಾಣದ ಹಾಗೆ ಪುಸ್ತಕ ತಿರುಗಿಸಿ ಹಿಡಿದು ಚಿತ್ರ ನೋಡಿದ.

"ಬಂದಾನ್ರಿ ಹೊರಗ. ಒಂದು ಉಡ ಬರ್ತದ. ಅದರ ಬಾಲ ಹಿಡೀತಾನ."

"ಉಡವಾ? ಉಡ ಹಿಡಿದು ಕೋಟೆ ಹತ್ತಿದ ಸಿಂಹಗಡದ ಕತೆ ನನಗೆ ಹೇಳ್ತೀರಾ ಮಾರಾಯ್ರೆ? ಕೊಡಿ ಇಲ್ಲಿ."

"ಈ ವಾರ ಬ್ಯಾಡ್ರಿ. ಮುಂದಿನ ವಾರ ಬರ್ರಿ."

ಮುಂದಿನ ವಾರ ಉಡ ಇರಲಿಲ್ಲ. ಬಾವಿಗೆ ನೀರು ಬಂದು ಸವಾರ ತೇಲಿ ಮೇಲೆ ಬಂದ. ಅದರ ಮುಂದಿನ ವಾರ ಇರುವೆಗಳು ಸಾಲುಗಟ್ಟಿ ಅವನಿಗೆ ಹಾದಿ ತೋರಿಸಿದವು. ಒಂದು ಸಲ ಕುದುರೆಯೇ ಬಂದು ಬಂಡೆಯನ್ನು ನೆಕ್ಕಿ ನೆಕ್ಕಿ ಸವೆಸಿತು.

"ಎಷ್ಟು ದಿನ ನೆಕ್ಕಿತು?"

"ನೀವು ಬರಾಕ ಹತ್ತಿ ಎಷ್ಟು ದಿನಾತು, ಅಷ್ಟು."

ಶೆಟ್ಟರ ಹೋಟೆಲಿನಿಂದ ಕಿಟಲಿಯಲ್ಲಿ ಚಹಾ ಬರುತ್ತಿತ್ತು, ಅಂಗಡಿಯ ಹಿಂದಿನ ಮನೆಯಿಂದ ಸಾಬವ್ವನ ಶೇಂಗಾ ಹೋಳಿಗೆ. ತೀರ ಹಟ ಹಿಡಿದರೆ ಅಂಬಾರಾಯ, "ನಾ ಸತ್ತ ದಿನ ಒಯ್ಯಿರಿ, ಬಿಟ್ಟಿ ಕೊಡ್ತೀನಿ" ಎನ್ನುತ್ತಿದ್ದ.

ಹೀಗೇ ವರ್ಷಗಳು ಹೋದವು. ನಡುವೆ ಒಮ್ಮೆ ವಿಮಾನ ನಗರದಲ್ಲಿ ಹಳೆಯ ಕಾಮಿಕ್ಸ್ ಮಾರುವ ರಿತೇಶನ ಹತ್ತಿರ ಅದೇ ಸಂಚಿಕೆ ಸಿಕ್ಕಿತು. ಶೆಟ್ಟರು ಕೊಂಡು, ಹೋಟೆಲಿನ ಗಲ್ಲಾದ ಮುಂದೆ ನಿಂತೇ ಓದಿದರು. ಯಾರೋ ದಾರಿಹೋಕ ಬಂಡೆ ಸರಿಸಿ ಹಗ್ಗ ಇಳಿಬಿಡುತ್ತಾನೆ. ಒಂದೇ ಚಿತ್ರ, ಅಷ್ಟೇ.

ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಮುಂದಿನ ರವಿವಾರ ಮತ್ತೆ ಸ್ಕೂಟರ್ ಹತ್ತಿದ್ದರು.

*

ಆ ಕಪಾಟು ಈಗ ಶೆಟ್ಟರ ಕಣ್ಣ ಮುಂದೆ ಬಂತು. ತನ್ನಲ್ಲಿ ಇರುವುದನ್ನೇ ಸತ್ತವನ ಕೈಯಿಂದ ಹೇಗೆ ತೆಗೆದುಕೊಳ್ಳುವುದು? ಅದಕ್ಕಿಂತ ದೊಡ್ಡ ಸಂಕಟ ಬೇರೆಯಿತ್ತು. ಇದು ಕೈಗೆ ಬಂದರೆ ಈ ಮನೆಗೆ ಇನ್ನು ಬರುವುದು ಯಾವ ನೆಪದಲ್ಲಿ?

ಬಾಗಿಲ ಬಳಿ ರಿತೇಶ್ ನಿಂತಿದ್ದ. ತಾಯಿ ವಿಜಯಪುರದವಳಾದ್ದರಿಂದ ಅವನಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು. ದೇವಾನಂದ ಅವನ ಕಿವಿಯಲ್ಲಿ ಕೇಳಿದ:

"ಈ ಒಂದಕ್ಕೇ ಯಾಕ ಇಷ್ಟು ರೇಟು ಅದ ಭಾವು? ಹದಿನೆಂಟನೇದನ್ನ ಯಾರೂ ಮೂಸಿ ನೋಡೂದಿಲ್ಲ."

"ಬ್ಯಾರೆ ಪುಸ್ತಕದ್ದು ಹೇಳಬಹುದು. ಮೊದಲನೇ ಸಂಚಿಕೆ ಇರಬೇಕು, ಮುಖಪುಟ ಹರಿದಿರಬಾರದು, ಪಿನ್ನು ಜಂಗು ಹಿಡಿದಿರಬಾರದು. ಸಣ್ಣವರಿದ್ದಾಗ ಓದಿದವರ ಕೈಯಾಗ ರೊಕ್ಕ ಬಂದಾಗ ರೇಟು ಏರ್ತದ. ಅವರು ಹೋದ್ರಂದ್ರ ಇಳೀತದ."

"ಮತ್ತ ಇದು?"

ರಿತೇಶ್ ಅಯ್ಯನವರ ಕಡೆ ನೋಡಿ ದನಿ ತಗ್ಗಿಸಿದ. ತಗ್ಗಿಸಿದರೂ ಎಲ್ಲರಿಗೂ ಕೇಳಿತು.

"ಇದರಾಗ ಏನೂ ಇಲ್ಲೋ ಮಾರಾಯ. ಬೇಕಾದಷ್ಟು ಛಾಪಾ ಆಗ್ಯಾವ. ಆದ್ರ ಒಬ್ಬ ಹೋಟೆಲಿನ ಶೆಟ್ಟಿ ಕೇಳೂದು ಬಿಡೂದಿಲ್ಲ, ಒಬ್ಬ ರದ್ದಿವಾಲಾ ಕೊಡೂದಿಲ್ಲ ಅಂತ ಇಡೀ ಪುಣೆಗೆ ಸುದ್ದಿ ಆತು. ಏನೋ ಇರಬೇಕು ಅಂತ ಮಂದಿ ಹುಡುಕ್ಲಾಕ ಹತ್ತಿದ್ರು. ಬಾರಾಮತಿಯಿಂದ ಫೋನ್ ಬರ್ತಾವ ನನಗ. ರೇಟು ಏರಿಸಿದವರು ಇವರಿಬ್ಬರೇ, ಇಲ್ಲಿ ಕುಂತು ಚಾ ಕುಡಕೋತ."

ಕಲ್ಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಾಳೆ ಎಂದು ಯಾರೋ ಅವಳ ಬೆನ್ನು ಸವರಿದರು.

ಸಾಬವ್ವ ಶೆಟ್ಟರಿಗೆ ಇನ್ನೂ ಹತ್ತಿರ ಬಂದಳು.

"ಮನ್ಯಾಗ ಒಂದು ಅದ ಅಂತ ಹಿಂದ ಸರೀತೀರಿ, ಹೌದಲ್ರಿ?"

ಶೆಟ್ಟರ ಮುಖ ಬಿಳಿಚಿತು. "ಅಕ್ಕಾ..."

"ಅವರಿಗೂ ಗೊತ್ತಿತ್ರಿ."

*

ಶೆಟ್ಟರಿಗೆ ಮಾರುವ ಮೊದಲು ರಿತೇಶ್ ತನ್ನ ಪ್ರತಿಯನ್ನು ಅಂಬಾರಾಯನ ಹತ್ತಿರ ತಂದಿದ್ದ. ಹಳೆಯ ಮುದ್ರಣವೋ, ಆಮೇಲೆ ಅಚ್ಚು ಹಾಕಿದ್ದೋ ಹೋಲಿಸಿ ನೋಡಬೇಕಿತ್ತು. ಅಂಬಾರಾಯ ಎರಡನ್ನೂ ಗೋಣಿಚೀಲದ ಮೇಲೆ ಜೋಡಿಸಿಟ್ಟ.

"ಎರಡೂ ಒಂದೇ ತಾಯಿ ಮಕ್ಕಳು. ಯಾರಿಗೆ ಕೊಡ್ತಿ?"

ರಿತೇಶ್ ಶೆಟ್ಟರ ಹೆಸರು ಹೇಳಿದ. ಅಂಬಾರಾಯ ತನ್ನ ಪ್ರತಿಯನ್ನು ಎತ್ತಿ ತೊಡೆಯ ಕೆಳಗೆ ಸರಿಸಿಕೊಂಡ.

"ಕೊಡು. ನನ್ನ ಹತ್ರ ತಂದಿದ್ದಿ ಅಂತ ಹೇಳಬ್ಯಾಡ."

ಅದು ಶೆಟ್ಟರ ಕೈ ಸೇರಿದ ಮೇಲಿನ ರವಿವಾರ ಅವನು ಬೆಳಿಗ್ಗೆಯೇ ಗಡ್ಡ ಕೆರೆದುಕೊಂಡು ಅಂಗಡಿಯಲ್ಲಿ ಕುಳಿತ. ಪೇಪರು ಕಟ್ಟುವ ಕೈ ನಿಲ್ಲಿಸಿ ನಿಲ್ಲಿಸಿ ರಸ್ತೆಯ ತಿರುವಿನ ಕಡೆ ನೋಡುತ್ತಿದ್ದ.

"ಬರೂದಿಲ್ಲ ಬಿಡ್ರಿ" ಎಂದಳು ಸಾಬವ್ವ. "ಅವರ ಕೆಲಸ ಆತಲ್ಲ."

ಚಹಾದ ಹೊತ್ತೂ ಮೀರಿತು. ಆಗ ಸ್ಕೂಟರಿನ ಸದ್ದು ಕೇಳಿತು. ಶೆಟ್ಟರು ಹೆಲ್ಮೆಟ್ ತೆಗೆಯುತ್ತಲೇ ಎಂದಿನಂತೆ ಕೇಳಿದರು: "ಏನು, ಇವತ್ತಾದರೂ ಕೊಡ್ತೀರಾ?"

ಅಂಬಾರಾಯ ಮುಖವನ್ನು ರದ್ದಿಯ ರಾಶಿಯ ಕಡೆ ತಿರುಗಿಸಿಕೊಂಡು, ಕೆಮ್ಮು ಬರುವ ತನಕ ನಕ್ಕ. ಆಮೇಲೆ ಕಣ್ಣೊರೆಸಿಕೊಂಡು, "ಈ ವಾರ ಬ್ಯಾಡ್ರಿ" ಎಂದ.

ಅಂದು ಊಟಕ್ಕೆ ಒಂದು ರೊಟ್ಟಿ ಹೆಚ್ಚು ಹಾಕಿಸಿಕೊಂಡ.

*

ಶೆಟ್ಟರು ಗೋಡೆಗೆ ಒರಗಿ ಕುಳಿತವನ ಮುಖವನ್ನು ಬಹಳ ಹೊತ್ತು ನೋಡಿದರು.

"ಕಳ್ಳ ಮುದುಕ" ಎಂದರು ಮೆಲ್ಲಗೆ. ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಬೆನ್ನ ಹಿಂದಿನ ಕೈ ಮುಂದೆ ತಂದು, ಎರಡೂ ಕೈಯಲ್ಲಿ ಪುಸ್ತಕ ಇಸಿದುಕೊಂಡರು.

ಸಾಬವ್ವ ಗಂಡನ ಕಡೆ ತಿರುಗಿದಳು. "ಕೊಟ್ಟೀನ್ರಿ. ನೋಡಿಕೋರಿ." ಆಮೇಲೆ ಮಗನಿಗೆ, "ಎತ್ರಪಾ" ಎಂದಳು.

ಮಣ್ಣು ಮುಗಿಸಿ ಮನೆಗೆ ಮರಳಿದಾಗ ಮಧ್ಯಾಹ್ನ ಇಳಿಯುತ್ತಿತ್ತು. ಎಲ್ಲರೂ ಕಾಲು ತೊಳೆದು, ಒಳಗೆ ಉರಿಯುತ್ತಿದ್ದ ದೀಪ ನೋಡಿ, ಒಬ್ಬೊಬ್ಬರಾಗಿ ಎದ್ದು ಹೋದರು. ಸಾವಿನ ಮನೆಯಿಂದ ಹೊರಡುವಾಗ ಯಾರೂ ಬರ್ತೀನಿ ಎನ್ನುವಂತಿಲ್ಲ, ಮನೆಯವರೂ ಬರ್ರಿ ಎನ್ನುವಂತಿಲ್ಲ. ಸುಮ್ಮನೆ ಹೋಗಬೇಕು. ಕರಾವಳಿಯಲ್ಲೂ ಅದೇ ರೂಢಿ, ಶೆಟ್ಟರಿಗೆ ಗೊತ್ತಿತ್ತು. ಆದರೂ ಹೊಸ್ತಿಲಲ್ಲಿ ನಿಂತು ಬಾಯಿ ತೆರೆದರು.

ಕಲ್ಲವ್ವ ಒಳಗಿನಿಂದ ಬೇಡವೆಂದು ಕೈ ಆಡಿಸಿದಳು.

ಶೆಟ್ಟರು ಬಾಯಿ ಮುಚ್ಚಿದರು. ಸಾಬವ್ವನೂ ಏನೂ ಅನ್ನಲಾರದೆ ನೋಡುತ್ತಿದ್ದಳು. ಅವರು ಕೆಳಗೆ ನೋಡಿದರು, ಆಮೇಲೆ ಅವಳನ್ನು ನೋಡಿದರು, ಮೆಟ್ಟಿಲಿಳಿದು ನಡೆದೇಬಿಟ್ಟರು.

"ಶೆಟ್ರ! ಚಪ್ಪಲಿ ಬಿಟ್ಟೀರಿ!" ದೇವಾನಂದ ಕೂಗಿದ.

ಅವರು ತಿರುಗಿ ನೋಡದೆ ಕೈ ಎತ್ತಿದರು. ದೇವಾನಂದ ಬಗ್ಗಿ ಚಪ್ಪಲಿ ಎತ್ತಿಕೊಳ್ಳಲು ಹೋದರೆ ಸಾಬವ್ವ ಅವನ ತೋಳು ಹಿಡಿದಳು.

"ಇರಲಿ ಬಿಡೋ."

ಅವಳು ಚಪ್ಪಲಿಗಳನ್ನು ಬಿಸಿಲಿನಿಂದ ಗೋಡೆಯ ಬದಿಗೆ ಸರಿಸಿ ಜೋಡಿಸಿದಳು. ಡಾಂಬರು ರಸ್ತೆ ಕಾದಿತ್ತು. ಶೆಟ್ಟರು ಪುಸ್ತಕವನ್ನು ಕಂಕುಳಲ್ಲಿ ಅವುಚಿಕೊಂಡು, ನೆರಳು ಕಂಡಲ್ಲಿ ನಿಲ್ಲುತ್ತ, ಬಿಸಿಲಿದ್ದಲ್ಲಿ ಸಣ್ಣ ಹುಡುಗನ ಹಾಗೆ ಒಂಟಿ ಕಾಲಲ್ಲಿ ಕುಪ್ಪಳಿಸುತ್ತ, ತಮ್ಮ ಸ್ಕೂಟರಿನ ಕಡೆಗೆ ಹೋಗುತ್ತಿದ್ದರು.