ಹಸಿರು ಹಣತೆಯ ಆಫೀಸು

ದೆಹಲಿಯಲ್ಲಿ ದೀಪಾವಳಿ ಎಂದರೆ ದೀಪಕ್ಕಿಂತ ಹೆಚ್ಚಾಗಿ ಡಬ್ಬಗಳ ಹಬ್ಬ. ಒಣದ್ರಾಕ್ಷಿ ಗೋಡಂಬಿಯ ಡಬ್ಬ, ಸೋನ್‌ಪಾಪಡಿಯ ಡಬ್ಬ, ಗಾಜಿನ ಲೋಟಗಳ ಡಬ್ಬ. ಕೊಟ್ಟವರ ಹೆಸರಿನ ಚೀಟಿ ಕಿತ್ತು, ನಮ್ಮ ಹೆಸರಿನದು ಅಂಟಿಸಿ, ಮುಂದಿನ ಮನೆಗೆ ದಾಟಿಸುವುದು ಇಲ್ಲಿನ ಪದ್ಧತಿ. ಒಮ್ಮೆ ನಾವೇ ಕೊಟ್ಟ ಬಾದಾಮಿ ಡಬ್ಬ ಎಲ್ಲೆಲ್ಲೋ ಸುತ್ತಿ ಮತ್ತೆ ನಮ್ಮ ಬಾಗಿಲಿಗೇ ಬಂದಿತ್ತು. ಆಗ ಹೊಟ್ಟೆ ಹಿಡಿದು ನಕ್ಕಿದ್ದೆ. 2007ರ ಹಬ್ಬಕ್ಕೆ ಬಂದ ಡಬ್ಬವನ್ನು ಮಾತ್ರ ಯಾರಿಗೂ ದಾಟಿಸಲಾಗಲಿಲ್ಲ. ಅದನ್ನು ಹೇಳಬೇಕಾದರೆ ಮೊದಲು ಪದ್ಮಕ್ಕನ ಸಾಲದ ಕಥೆ ಹೇಳಬೇಕು.

ನನ್ನ ಮಗಳು ಅಪೂರ್ವಳಿಗೆ ಆಗ ಇಪ್ಪತ್ತಾರು. ಅವಳಿಗೆ ಡೌನ್ ಸಿಂಡ್ರೋಮ್. ಬುದ್ಧಿ ಆರೇಳು ವರ್ಷದ ಮಗುವಿನದು ಎಂದು ಡಾಕ್ಟರು ಹೇಳುತ್ತಾರೆ, ಆದರೆ ಅಷ್ಟು ಹಟಮಾರಿ ಮಗುವನ್ನು ನಾನಂತೂ ಕಂಡಿಲ್ಲ. ಇಂಥ ಮಕ್ಕಳ ಶಾಲೆಗಳು ಹದಿನೆಂಟು ತುಂಬುತ್ತಲೇ ಬಾಗಿಲು ಹಾಕಿಕೊಳ್ಳುತ್ತವೆ. ಆಮೇಲೆ ಅವರು ಎಲ್ಲಿಗೆ ಹೋಗಬೇಕು ಎಂದು ಯಾರೂ ಯೋಚಿಸಿರಲಿಲ್ಲ. ಯೋಚಿಸಿದವರು ದೆಹಲಿಯ ದ್ವಾರಕಾದಲ್ಲಿ ನಮ್ಮ ಪಕ್ಕದ ಸೆಕ್ಟರಿನ ಪದ್ಮಕ್ಕ. ಅವರ ತಮ್ಮನೂ ಇಂಥವನೇ ಇದ್ದು, ತೀರಿಕೊಂಡಿದ್ದ. ತಮ್ಮ ಮನೆಯ ನೆಲಮಾಳಿಗೆಯಲ್ಲಿ ‘ಅಂಗಳ’ ಎಂದು ಹೆಸರಿಟ್ಟು, ಒಂದು ಟ್ರಸ್ಟು ಮಾಡಿ, ಇಂಥ ಹತ್ತು ಹನ್ನೆರಡು ಜನರನ್ನು ಕೂರಿಸಿಕೊಂಡರು. ಆ ದಿನಗಳಲ್ಲಿ ನಾನು ಅವರನ್ನು ದೇವರೆಂದೇ ತಿಳಿದಿದ್ದೆ.

ಅಂಗಳದಲ್ಲಿ ಕೆಲಸವೆಂದರೆ ಹಣತೆಗೆ ಬಣ್ಣ ಹಚ್ಚುವುದು. ಉತ್ತಮ್ ನಗರದ ಕುಂಬಾರರಿಂದ ಗೋಣಿಚೀಲದಲ್ಲಿ ಹಣತೆ ಬರುತ್ತಿತ್ತು. ಅಪೂರ್ವ ಹಸಿರು ಬಿಟ್ಟು ಬೇರೆ ಬಣ್ಣ ಮುಟ್ಟಿದವಳಲ್ಲ. ಹೊರಗೆ ಹಸಿರು, ಎಣ್ಣೆ ಹಾಕುವ ಒಳಗೂ ಹಸಿರು, ತನ್ನ ಮೊಣಕೈವರೆಗೂ ಹಸಿರು. ಹಬ್ಬದ ಮುಂಚೆ ನಮ್ಮ ಸೊಸೈಟಿಯ ಮೇಳದಲ್ಲಿ ಅವನ್ನು ಮಾರುತ್ತಿದ್ದೆವು. ಜನ ಕೊಂಡು, ಮೇಲೆ ನೂರಿನ್ನೂರು ಸೇರಿಸಿ ಕೊಟ್ಟು ಹೋಗುತ್ತಿದ್ದರು. ಅದರಲ್ಲಿಯೇ ಆಯಾಳ ಸಂಬಳ, ವ್ಯಾನಿನ ಪೆಟ್ರೋಲು ನಡೆಯುತ್ತಿತ್ತು.

ಅಪೂರ್ವ ಅದನ್ನು ‘ಆಫೀಸ್’ ಎನ್ನುತ್ತಿದ್ದಳು. ಅವಳಪ್ಪ ಚಾರ್ಟರ್ಡ್ ಬಸ್ಸು ಹತ್ತಿ ಕೃಷಿ ಭವನಕ್ಕೆ ಹೋಗುವುದನ್ನು ನೋಡಿ ಬೆಳೆದವಳು. ಅವರು ನಿವೃತ್ತರಾದ ಮೇಲೆ ಮನೆಯಲ್ಲಿ ಆಫೀಸಿಗೆ ಹೋಗುವವಳು ಅವಳೊಬ್ಬಳೇ. ಆ ಜಂಬ ಹೇಳತೀರದು. ಬೆಳಿಗ್ಗೆ ನೀಲಿ ಏಪ್ರನ್ ಕಟ್ಟಿಕೊಂಡು, ಟಿಫಿನ್ ಡಬ್ಬಿ ಹಿಡಿದು, ಪೇಪರ್ ಓದುತ್ತ ಕೂತ ಅಪ್ಪನನ್ನು ಗದರಿಸುತ್ತಿದ್ದಳು. “ಪಪ್ಪಾ, ನಿಂಗೆ ಕೆಲಸ ಇಲ್ಲ. ಮೇರಾ ಆಫೀಸ್ ಹೈ!”

ಇಂಥ ಜಾಗಕ್ಕೆ ಬಂದವನು ವರುಣ್. ಮೈಸೂರಿನ ಹುಡುಗ, ಗುಡಗಾಂವಿನಲ್ಲಿ ಯಾವುದೋ ಸಾಮಾಜಿಕ ಹೂಡಿಕೆ ನಿಧಿಯಲ್ಲಿ ಕೆಲಸ. ಧರ್ಮಸಂಸ್ಥೆಗಳಿಗೆ ಸಾಲ ಕೊಡುವುದೇ ಅವರ ಸೇವೆಯಂತೆ. ಪದ್ಮಕ್ಕನ ಮನೆಯ ಹಾಲ್‌ನಲ್ಲಿ ಟ್ರಸ್ಟಿಗಳ ಸಭೆ ಸೇರಿತು. ಚಿತ್ರಾನ್ನ, ಕಾಫಿ ಆದವು. ಅವನು ಪ್ರೊಜೆಕ್ಟರಿನಲ್ಲಿ ಗೋಡೆಯ ಮೇಲೆ ಚಿತ್ರ ಬಿಟ್ಟು ಮಾತಾಡಿದ.

“ದಾನ ಕೇಳೋದು ಭಿಕ್ಷೆ, ಆಂಟಿ. ಸಾಲ ತಗೊಂಡು ತೀರಿಸೋದು ಡಿಗ್ನಿಟಿ. ಈ ಮಕ್ಕಳು ಇನ್ನೊಬ್ಬರ ಮುಂದೆ ಕೈ ಚಾಚಬೇಕಾ?”

“ಅಲ್ಲಪ್ಪ, ಸಾಲ ತೀರಿಸೋರು ಯಾರು?” ಎಂದು ನಾನು ಕೇಳಿದೆ.

“ಹಣತೆಗಳು ತೀರಿಸ್ತವೆ, ಆಂಟಿ!”

ಎಲ್ಲರೂ ನಕ್ಕರು. ಪದ್ಮಕ್ಕನ ಕಣ್ಣಲ್ಲಿ ನೀರೇ ಬಂತು. ಇಪ್ಪತ್ತು ಲಕ್ಷದ ಸಾಲ, ಟ್ರಸ್ಟಿಗಳ ಸ್ವಂತ ಜಾಮೀನು. ನನ್ನ ಗಂಡ ಇಂದುಶೇಖರ ಖಜಾಂಚಿ. ಮೂವತ್ತು ವರ್ಷ ಸರ್ಕಾರಿ ಕಡತದ ಪ್ರತಿ ಅಲ್ಪವಿರಾಮಕ್ಕೂ ತಕರಾರು ತೆಗೆದ ಮನುಷ್ಯ, ಅಂದು ನಮ್ಮ ಫ್ಲಾಟನ್ನೇ ಜಾಮೀನಿಗೆ ಬರೆದುಕೊಟ್ಟು ಚಿತ್ರಾನ್ನ ಎರಡನೇ ಸಲ ಹಾಕಿಸಿಕೊಂಡರು.

ಸಾಲದ ಹಣದಲ್ಲಿ ಓಖ್ಲಾದಲ್ಲಿ ಒಂದು ಶೆಡ್ಡು ಹಿಡಿದರು. ಒಂದು ಪಕ್ಕ ಬಟ್ಟೆ ರಫ್ತಿನ ಕಾರ್ಖಾನೆ, ಇನ್ನೊಂದು ಪಕ್ಕ ಪ್ರಿಂಟಿಂಗ್ ಪ್ರೆಸ್ಸು. ಕಂಪನಿಗಳಿಂದ ಉಡುಗೊರೆ ಡಬ್ಬಗಳ ಆರ್ಡರು ಬಂತು. ನಮ್ಮ ಮಕ್ಕಳು ವ್ಯಾನಿನಲ್ಲಿ ದ್ವಾರಕಾದಿಂದ ಊರಿನ ಇನ್ನೊಂದು ತುದಿಗೆ ಹೋಗಿ ಬರತೊಡಗಿದರು. ಮೊದಲ ತಿಂಗಳಲ್ಲೇ, ನಿಧಿಯ ಪರವಾಗಿ ಲೆಕ್ಕ ನೋಡುತ್ತಿದ್ದ ವರುಣನ ಬಾಯಲ್ಲಿ ಹೊಸ ಮಾತು ಹುಟ್ಟಿಕೊಂಡಿತು: ರಿಜೆಕ್ಷನ್. ಅಪೂರ್ವ ಹಚ್ಚಿದ್ದೆಲ್ಲ ರಿಜೆಕ್ಷನ್. ಕಂಪನಿಗೆ ಬೇಕಾಗಿದ್ದದ್ದು ಬಂಗಾರದ ಬಣ್ಣ, ಅದೂ ಹೊರಗೆ ಮಾತ್ರ. ಪಕ್ಕದ ಕಾರ್ಖಾನೆಯ ಹುಡುಗಿಯರನ್ನು ಪೀಸಿಗೆ ಇಷ್ಟು ಎಂದು ಕರೆಸಿ ಕೂರಿಸಿದರು. ನಮ್ಮವರಿಗೆ ಪ್ಯಾಕಿಂಗ್ ವಿಭಾಗ ಎಂದು ಹೆಸರು ಕೊಟ್ಟು ಮೂಲೆಗೆ ಸರಿಸಿದರು.

ಇದೆಲ್ಲ ನನಗೆ ಗೊತ್ತಾದದ್ದು ಒಂದು ಸಂಜೆ ಅಪೂರ್ವ ವ್ಯಾನಿನಿಂದ ಇಳಿದಾಗ. ಹತ್ತಿರ ಬಂದರೆ ನಾತ. ಸಲ್ವಾರು ಒದ್ದೆಯಾಗಿ, ಒಣಗಿ, ಮತ್ತೆ ಒದ್ದೆಯಾಗಿತ್ತು. ತೊಡೆಯ ಸಂದಿಯೆಲ್ಲ ಕೆಂಪಗೆ ಬೆಂದಿತ್ತು. ಸ್ನಾನ ಮಾಡಿಸುವಾಗ ಅವಳು ಅಳಲಿಲ್ಲ. “ಆಯಾ ಇಲ್ಲ, ಅಮ್ಮಾ,” ಎಂದಳು, ತಪ್ಪು ತನ್ನದೇ ಎನ್ನುವ ಹಾಗೆ. ಅವಳಿಗೆ ಬಾತ್‌ರೂಮಿಗೆ ಹೋಗಲು ಒಬ್ಬರು ಬೇಕು. ಆಯಾಳನ್ನು ಖರ್ಚು ಎಂದು ತೆಗೆದುಹಾಕಿದ್ದರು.

ಮರುದಿನ ನಾನೂ ವ್ಯಾನು ಹತ್ತಿದೆ. ಓಖ್ಲಾದ ಆ ಶೆಡ್ಡಿನಲ್ಲಿ ಗಮ್ಮು, ಥಿನ್ನರಿನ ವಾಸನೆ ಮೂಗಿಗೆ ಅಡರುತ್ತಿತ್ತು. ಉದ್ದದ ಮೇಜಿಗೆ ಕೂತ ಹುಡುಗಿಯರ ಕೈಗಳು ಮೆಷಿನ್ನಿನ ವೇಗದಲ್ಲಿ ಓಡುತ್ತಿದ್ದವು. ಪಾಪ, ಆ ಹುಡುಗಿಯರದೇನು ತಪ್ಪು? ನಮ್ಮವರು ಗೋಡೆ ಬದಿಯ ಬೆಂಚಿನ ಮೇಲೆ, ತೊಡೆಯ ಮೇಲೆ ಖಾಲಿ ಡಬ್ಬ ಇಟ್ಟುಕೊಂಡು ಸುಮ್ಮನೆ ಕೂತಿದ್ದರು. ಮಧ್ಯಾಹ್ನ ಹೊರದೇಶದ ಅತಿಥಿಗಳು ಬರುತ್ತಾರೆಂದು ಗಡಿಬಿಡಿ ಎದ್ದಿತು. ಹುಡುಗಿಯರನ್ನು ಹಿಂದಿನ ಬಾಗಿಲಿನಿಂದ ಚಹಾಕ್ಕೆ ಕಳಿಸಿದರು. ನಮ್ಮವರಿಗೆ ಹೊಸ ಏಪ್ರನ್ ತೊಡಿಸಿ, ಮುಖ ಒರೆಸಿ, ಮೇಜಿಗೆ ಕೂರಿಸಿ, ಕೈಗೆ ಬ್ರಷ್ ಕೊಟ್ಟರು. ಬಣ್ಣ ಕೊಡಲಿಲ್ಲ, ಮಾಲು ಕೆಡುತ್ತದಲ್ಲ. ಅಪೂರ್ವ ಬಂಗಾರದ ಹಣತೆಯ ಮೇಲೆ ಒಣ ಬ್ರಷ್ ಆಡಿಸುತ್ತ ಕ್ಯಾಮೆರಾಕ್ಕೆ ನಕ್ಕಳು. ಅವಳಿಗೆ ಯಾರು ಕ್ಯಾಮೆರಾ ಹಿಡಿದರೂ ನಗು ಬರುತ್ತದೆ.

ಅತಿಥಿಗಳಲ್ಲಿದ್ದ ಬಿಳಿಯ ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು. ನನಗೆ ಅಲ್ಲೇ ಉಗಿಯಬೇಕೆನಿಸಿತು.

ಅತಿಥಿಗಳು ಹೋದ ಮೇಲೆ ಪದ್ಮಕ್ಕನನ್ನು ಹಿಡಿದೆ. “ಏನಿದು, ಪದ್ಮಕ್ಕ? ನಾಟಕದ ಕಂಪನಿ ಯಾವಾಗ ಶುರು ಮಾಡಿದ್ರಿ?”

“ಕಂತು ಕಟ್ಟಬೇಕು, ಮನೋರಮಾ. ಒಂದು ಕಂತು ತಪ್ಪಿದರೆ ನಿಮ್ಮ ಮನೆ, ನಮ್ಮ ಮನೆ ಎರಡೂ ಹೋಗುತ್ತೆ. ಸ್ವಲ್ಪ ಅಡ್ಜಸ್ಟ್ ಮಾಡ್ಕೋ.”

“ಆಯಾನ ಯಾಕೆ ತೆಗೆದ್ರಿ?”

“ವರುಣ್ ಹೇಳಿದ...” ಎಂದು ಶುರು ಮಾಡಿದವರು ಮೇಜಿನ ಮೇಲಿದ್ದ ಬ್ರಷ್ಷುಗಳನ್ನು ಎತ್ತಿಡತೊಡಗಿದರು. ತಮ್ಮನ ಗಲ್ಲ ಹಿಡಿದು ಅನ್ನ ಉಣಿಸುತ್ತಿದ್ದೆ ಎಂದು ನನಗೆ ಹತ್ತಾರು ಸಲ ಹೇಳಿದ್ದ ಹೆಂಗಸು ಇವರೇ.

ಒಂದು ವಾರದಲ್ಲಿ ಅವರ ಫೋನು ಬಂತು. ವ್ಯಾನು ದುಬಾರಿ, ಶೆಡ್ಡಿನಲ್ಲಿ ಜಾಗ ಸಾಲದು, ಇನ್ನು ಮೇಲೆ ಮಕ್ಕಳಿಗೆ ‘ಹೋಮ್ ಬೇಸ್ಡ್ ಪ್ರೋಗ್ರಾಮ್’. ಅಂದರೆ ಮನೆಯಲ್ಲಿಯೇ ಇರುವುದು. ನಿಧಿಯ ಲೆಕ್ಕದಲ್ಲಿ ಮಾತ್ರ ಅವರೆಲ್ಲ ಫಲಾನುಭವಿಗಳಾಗಿ ಉಳಿಯುತ್ತಾರಂತೆ. ಅಂಗಳದ ಸಾಲ ತೀರಬೇಕಾದರೆ ಅಂಗಳದಲ್ಲಿ ಅಂಗಳದ ಮಕ್ಕಳು ಇರಬಾರದು ಎನ್ನುವುದು ಇವರಿಗೆಲ್ಲ ಎಷ್ಟು ಸಲೀಸಾಗಿ ಅರ್ಥವಾಗಿಬಿಟ್ಟಿತ್ತು! ನನ್ನ ಗಂಡನಿಗೆ ಹೇಳಿದರೆ, “ಹಬ್ಬದ ಸೀಜನ್ ಮುಗೀಲಿ ಕಣೇ, ಮಾತಾಡೋಣ,” ಎಂದರು. ಮೈ ಉರಿದುಹೋಯಿತು.

ಅಪೂರ್ವಳಿಗೆ ಯಾರು ಹೇಳಬೇಕು? ನಾನು ಹೇಳಿದೆ, ಅವಳು ಕೇಳಿಸಿಕೊಳ್ಳಲಿಲ್ಲ. ಬೆಳಿಗ್ಗೆ ಏಪ್ರನ್ ಕಟ್ಟಿಕೊಂಡು, ಟಿಫಿನ್ ಹಿಡಿದು ಗೇಟಿನ ಹತ್ತಿರ ನಿಲ್ಲುತ್ತಿದ್ದಳು. ಏಪ್ರನ್ನಿನ ಜೇಬಿನಲ್ಲಿ ಬ್ರಷ್ಷು, ಹಳೆಯ ಅಂಗಳದಿಂದ ತಂದ ಹಸಿರು ಬಣ್ಣದ ಶೀಶೆ. ಗಾರ್ಡು ಕುರ್ಚಿ ಕೊಟ್ಟರೆ ಕೂರುತ್ತಿರಲಿಲ್ಲ, ವ್ಯಾನು ಬಿಟ್ಟು ಹೋದರೆ? ಬಿಸಿಲೇರಿದ ಮೇಲೆ ನಾನು ಹೋಗಿ ಕರೆತರುತ್ತಿದ್ದೆ. “ವ್ಯಾನ್ ಲೇಟ್,” ಎನ್ನುತ್ತಿದ್ದಳು. ಮನೆಯಲ್ಲಿ ಊಟದ ಮೇಜಿಗೆ ಕೂತು ಟಿಫಿನ್ ತೆರೆಯುತ್ತಿದ್ದಳು. ಅಪ್ಪನನ್ನು ಗದರಿಸುವುದನ್ನು ಬಿಟ್ಟುಬಿಟ್ಟಳು.

ದೀಪಾವಳಿಗೆ ಎರಡು ದಿನ ಮುಂಚೆ, ಧನ್‌ತೇರಸ್‌ನ ಸಂಜೆ ಎದುರು ಮನೆಯ ಚಾವ್ಲಾ ಅವರ ಸೊಸೆ ಒಂದು ಡಬ್ಬ ತಂದುಕೊಟ್ಟಳು. ಚೀಟಿ ಕಿತ್ತ ಗುರುತು ಕಾಣುತ್ತಿತ್ತು, ಗಂಡನ ಕಂಪನಿಯಲ್ಲಿ ಕೊಟ್ಟದ್ದನ್ನು ದಾಟಿಸಿದ್ದಳು. ಬಾಗಿಲಲ್ಲೇ ಬಂಗಾರದ ರಿಬ್ಬನ್ ಸರಿಸಿ ನೋಡಿದೆ. ಮುಚ್ಚಳದ ತುಂಬ ನನ್ನ ಮಗಳು. ನೀಲಿ ಏಪ್ರನ್, ಕೈಯಲ್ಲಿ ಬ್ರಷ್, ಅದೇ ನಗು. ಕೆಳಗೆ ಇಂಗ್ಲಿಷಿನಲ್ಲಿ ಬರೆದಿತ್ತು: ಈ ಹಣತೆ ನನ್ನ ಕೈಯದು, ಇದರಿಂದ ನನ್ನ ಬದುಕು ಬೆಳಗಿದೆ.

ಕೊಟ್ಟು ಹೋದವಳು ಪ್ರತಿದಿನ ಲಿಫ್ಟಿನಲ್ಲಿ ಅಪೂರ್ವಳ ಜೊತೆ ಇಳಿಯುವವಳು. ಅವಳಿಗೂ ಗುರುತು ಸಿಕ್ಕಿರಲಿಲ್ಲ.

“ಮೈಂ! ನಾನು!” ಎಂದು ಅಪೂರ್ವ ಚಪ್ಪಾಳೆ ತಟ್ಟಿದಳು. ನೆಲದ ಮೇಲೆ ಕೂತು ಹಣತೆಗಳನ್ನು ಒಂದೊಂದಾಗಿ ತೆಗೆದು ತಿರುಗಿಸಿ ನೋಡಿದಳು. ಎಲ್ಲವೂ ಬಂಗಾರದವು. ಡಬ್ಬವನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದಳು. ಆಮೇಲೆ ನನ್ನ ಮುಖ ನೋಡಿ ಕೇಳಿದಳು: “ನಂದು ಎಲ್ಲಿ?”

ಇಂದುಶೇಖರರು ಕನ್ನಡಕ ಏರಿಸಿ, “ಫೋಟೋ ಚೆನ್ನಾಗಿ ಬಂದಿದೆ ಅಲ್ವಾ,” ಎಂದರು. ಅಷ್ಟು ವರ್ಷ ಬಾಳಿದ ಗಂಡನ ಮೇಲೆ ಅಂಥ ಹೇಸಿಗೆ ನನಗೆ ಎಂದೂ ಬಂದಿರಲಿಲ್ಲ.

“ನೀವು ಅಡ ಇಟ್ಟದ್ದು ಫ್ಲಾಟನ್ನ ಅಲ್ಲ ಕಣ್ರೀ, ಇವಳನ್ನ,” ಎಂದೆ. ಡಬ್ಬ ಕಂಕುಳಿಗೆ ಸೇರಿಸಿ ಹೊರಟೆ. ಡಬ್ಬ ಪದ್ಮಕ್ಕನ ಮುಖಕ್ಕೆ ಎಸೆದು, ನನ್ನ ಮಗಳ ಫೋಟೋ ವಾಪಸು ಕೇಳುವುದಷ್ಟೇ ನನ್ನ ತಲೆಯಲ್ಲಿದ್ದದ್ದು. ಅಪೂರ್ವ ಅಷ್ಟರಲ್ಲಿ ಏಪ್ರನ್ ಕಟ್ಟಿಕೊಂಡು ಚಪ್ಪಲಿ ಹಾಕಿಕೊಂಡಿದ್ದಳು. ಹಿಂದಿನಿಂದ ಇವರು “ಮನೋರಮಾ, ತಾಳು, ತಾಳು” ಎನ್ನುತ್ತ ಬಂದರು.

ಪದ್ಮಕ್ಕನ ಬಾಗಿಲು ತೆರೆದೇ ಇತ್ತು. ಹಾಲ್‌ನ ಗೋಡೆಯುದ್ದಕ್ಕೂ ಡಬ್ಬಗಳನ್ನು ಪೇರಿಸಿದ್ದರು. ಬೆಳಿಗ್ಗೆ ಗುಡಗಾಂವಿಗೆ ಹೋಗಬೇಕಾದ ಕೊನೆಯ ಆರ್ಡರು. ನೆಲದಿಂದ ಎದೆಯೆತ್ತರಕ್ಕೆ ನನ್ನ ಮಗಳ ಮುಖ, ಮುಖ, ಮುಖ. ವರುಣ್ ಸೋಫಾದಲ್ಲಿ ಕೂತು ಲ್ಯಾಪ್‌ಟಾಪ್ ನೋಡುತ್ತಿದ್ದ.

ನಾನು ಬಾಯಿ ತೆರೆಯುವ ಮೊದಲೇ ಅಪೂರ್ವ ಒಳಗೆ ನುಗ್ಗಿದಳು. ಹಳೆಯ ಅಂಗಳದ ಮನೆ, ತನ್ನ ಆಫೀಸು. ಗೋಡೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಒಂದು ಡಬ್ಬ ಎಳೆದು, ರಿಬ್ಬನ್ ಜಗ್ಗಿ ಕಿತ್ತು, ಹಣತೆ ಕೈಗೆತ್ತಿಕೊಂಡಳು. ಜೇಬಿನಿಂದ ಶೀಶೆ ತೆಗೆದು ಬಂಗಾರದ ಮೇಲೆ ಹಸಿರು ಹಚ್ಚತೊಡಗಿದಳು, ಹೊರಗೂ, ಒಳಗೂ.

ವರುಣ್ ಹಾರಿ ಎದ್ದ. ಅವಳ ಪಕ್ಕ ಬಿದ್ದಿದ್ದ ಮುಚ್ಚಳವನ್ನು ತುಳಿಯದಂತೆ ಎತ್ತಿ ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಯ ಕಡೆ ಕೂಗಿದ. “ಆಂಟಿ, ಯಾರಿವರು? ಒಳಗೆ ಬಿಟ್ಟೋರು ಯಾರು? ಫಿನಿಶ್ಡ್ ಗೂಡ್ಸ್ ಇದು!”

ನಾನು ಅವನ ಕೈಯ ಮುಚ್ಚಳವನ್ನು ಅವನ ಮುಖಕ್ಕೆ ತಿರುಗಿಸಿದೆ. ಅವನು ಮುಚ್ಚಳ ನೋಡಿದ, ಅವಳನ್ನು ನೋಡಿದ, ಮತ್ತೆ ಮುಚ್ಚಳ ನೋಡಿದ. “ಓ,” ಎಂದ. ಆಮೇಲೆ ಮೆಲ್ಲಗೆ, “ಆದ್ರೂ ಆಂಟಿ, ನಾಳೆ ಡೆಲಿವರಿ ಇದೆ,” ಎಂದ.

“ಮನೋರಮಾ, ಅವಳನ್ನ ಎಬ್ಬಿಸು, ನಿನ್ನ ದಮ್ಮಯ್ಯ,” ಎಂದು ಪದ್ಮಕ್ಕ ಅಡುಗೆಮನೆಯಿಂದ ಓಡಿಬಂದರು. “ಈ ಲಾಟ್ ಹೋದರೆ ಕಂತು ಹೋಯ್ತು. ನಿನ್ನ ಮನೆಯೂ ಹೋಗುತ್ತೆ!”

“ಅವಳು ಡ್ಯೂಟಿ ಮೇಲಿದ್ದಾಳೆ, ಪದ್ಮಕ್ಕ,” ಎಂದೆ. “ಡಬ್ಬದ ಮೇಲೆ ನೀವೇ ಬರೆಸಿದ್ದೀರಲ್ಲ, ಅವಳ ಕೈಯದು ಅಂತ. ಈಗ ನಿಜ ಆಗ್ತಿದೆ.” ನಾನೂ ಅವಳ ಪಕ್ಕದಲ್ಲಿ ನೆಲಕ್ಕೆ ಕೂತು ಎರಡನೆಯ ಡಬ್ಬ ತೆರೆದು ಮುಂದಿಟ್ಟೆ.

ಇಂದುಶೇಖರರು ಹೊಸ್ತಿಲಲ್ಲಿಯೇ ನಿಂತಿದ್ದರು. ಅವರ ಕಣ್ಣು ಡಬ್ಬಗಳ ಸಾಲಿನ ಮೇಲೆ ಹರಿದಾಡುತ್ತಿತ್ತು. ಪ್ರತಿ ಹಣತೆ ಹಸಿರಾದಂತೆ ನಮ್ಮ ಫ್ಲಾಟಿನ ಒಂದೊಂದು ಇಟ್ಟಿಗೆ ಕಳಚುವುದು ಅವರಿಗೆ ಕಾಣುತ್ತಿತ್ತೋ ಏನೋ. ಇವರು ಈಗ ಅವಳ ಕೈ ಹಿಡಿದು ಎಬ್ಬಿಸಿದರೆ ನಾನು ಮತ್ತೆ ಆ ಮನೆಗೆ ಕಾಲಿಡುವುದಿಲ್ಲ ಎಂದುಕೊಂಡೆ.

ಅಪೂರ್ವ ಮೂರನೆಯ ಡಬ್ಬದ ರಿಬ್ಬನ್ನಿನ ಜೊತೆ ಗುದ್ದಾಡುತ್ತಿದ್ದಳು. ಗಂಟು ಬಿಗಿಯಾಗಿತ್ತು. ತಲೆಯೆತ್ತಿ ಬಾಗಿಲ ಕಡೆ ನೋಡಿ, ಎಷ್ಟೋ ದಿನದ ಮೇಲೆ ಅಪ್ಪನನ್ನು ಗದರಿಸಿದಳು.

“ಪಪ್ಪಾ! ಸುಮ್ನೆ ನಿಂತಿದೀಯಾ? ಇದು ಬಿಚ್ಚು.”

ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು. ವರುಣನ ಪಕ್ಕದಿಂದ ಹಾದು, ಮಂಡಿ ಹಿಡಿದುಕೊಂಡು ನಿಧಾನವಾಗಿ ನೆಲಕ್ಕೆ ಕೂತು, ಗಂಟು ಬಿಚ್ಚತೊಡಗಿದರು.